ಛಾತಾ ದೀದಿ

ಅಕ್ಕ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಅವರು ಹೋಗಿ ಎಷ್ಟೋ ತಿಂಗಳ ಮೇಲೆ. ಹೇಳುವವರು ಯಾರೂ ಇರಲಿಲ್ಲ. ಅವರಿಗೂ ನನಗೂ ಇಬ್ಬರಿಗೂ ಪರಿಚಯವಿದ್ದವರು ಎಂದು ಲೆಕ್ಕ ಹಾಕಿದರೆ ಕಲ್ಕತ್ತೆಯಲ್ಲಿ ಒಂದಿಬ್ಬರು ಸಿಕ್ಕಬಹುದು, ಆ ಒಂದಿಬ್ಬರ ಬಳಿ ನನ್ನ ಫೋನ್ ನಂಬರು ಇರಲಿಲ್ಲ.

ನಾನು ಸರ್ಕಾರಿ ದೂರಸಂಪರ್ಕ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿದ್ದೆ. ಮೈಸೂರಿನಿಂದ ಕಲ್ಕತ್ತೆಗೆ ವರ್ಗವಾಗಿ ಹೋದಾಗ ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಸಾಫ್ಟ್‌ವೇರ್ ಕಂಪನಿಗಳು ಸಾಲ್ಟ್ ಲೇಕ್ ಬಡಾವಣೆ ತುಂಬಿ ರಾಜಾರ್‌ಹಾಟಿನ ಕಡೆಗೆ ಹರಿಯತೊಡಗಿದ್ದ ಕಾಲ. ನ್ಯೂ ಟೌನ್ ಎಂದು ಹೆಸರಿಟ್ಟಿದ್ದ ಜಾಗದಲ್ಲಿ ಟೌನ್ ಇನ್ನೂ ಬಂದಿರಲಿಲ್ಲ. ಗದ್ದೆಗಳ ನಡುವೆ ಅಗಲವಾದ ರಸ್ತೆ, ರಸ್ತೆಯ ಕೊನೆಗೆ ಒಂಟಿ ಗಾಜಿನ ಕಟ್ಟಡ, ಅದರ ಹಿಂದೆ ಮತ್ತೆ ಗದ್ದೆ. ಆ ಗಾಜಿನ ಕಟ್ಟಡಗಳಿಗೆ ಕೇಬಲ್ ಎಳೆಸುವುದು ನನ್ನ ಕೆಲಸ. ಬಾಡಿಗೆ ಮನೆ ಸಿಕ್ಕಿದ್ದು ಕಸ್ಬಾದಲ್ಲಿ, ದತ್ತಾಬಾಬು ಎಂಬವರ ಮೂರು ಮಹಡಿಯ ಹಳೆಯ ಕಟ್ಟಡದಲ್ಲಿ. ಕೆಳಗೆ ಅವರು, ನಡುವೆ ನಾನು. ಮೇಲಿನ ಮನೆಯಲ್ಲಿ ಒಬ್ಬ ಹೆಂಗಸು ಇದ್ದಾರೆ, ಒಂಟಿ, ಫ್ಯಾಕ್ಟರಿಗೆ ಹೋಗುತ್ತಾರೆ ಎಂದಷ್ಟೇ ದತ್ತಾಬಾಬು ಹೇಳಿದ್ದರು. ಆಮೇಲೆ ಸ್ವಲ್ಪ ತಡೆದು, "ವಾಸನೆ ಬಂದರೆ ಹೆದರಬೇಡಿ" ಎಂದು ಸೇರಿಸಿದ್ದರು.

ವಾಸನೆ ಬಂತು. ಹುಳಿ ಬಂದ ಹಿಟ್ಟಿನಂಥ, ಮಳೆಗಾಲದಲ್ಲಿ ಹಳೆಯ ಪೆಟ್ಟಿಗೆ ತೆರೆದಂಥ ವಾಸನೆ. ಅದು ಮೆಟ್ಟಿಲಿಳಿದು ಬರುತ್ತಿದ್ದಾಗಲೇ ನಾನು ಅವರನ್ನು ಮೊದಲು ನೋಡಿದ್ದು. ಒಂದು ಕೈಯಲ್ಲಿ ಮುಚ್ಚಿದ ತಗಡಿನ ಡಬ್ಬಿ, ಇನ್ನೊಂದರಲ್ಲಿ ಕೊಡೆ. ನನ್ನ ಬಾಗಿಲ ಮುಂದೆ ಕಾಲು ಜಾರಿತು. ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತು, "ಅಯ್ಯ ಶಿವನ" ಎಂದರು.

"ನೀವು ಕನ್ನಡದವರಾ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ಸಂಜಿ ಮುಂದ ಮ್ಯಾಲೆ ಬರ್ರಿ. ಈಗ ಬಸ್ ತಪ್ಪತದ" ಎಂದು ಇಳಿದು ಹೋದರು.

ಆ ಸಂಜೆ ಅವರು ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದ್ದರು. ಜೋಳದ ಹಿಟ್ಟು ಆ ಊರಿನಲ್ಲಿ ಸಿಗುತ್ತಿರಲಿಲ್ಲ. ನಾನು ಮೇಡಂ ಎಂದು ಮಾತು ಶುರುಮಾಡಿದೆ.

"ಮೇಡಂ ಅನಬ್ಯಾಡ್ರಿ. ಫ್ಯಾಕ್ಟರಿಯೊಳಗ ಅದನ್ನ ಕೇಳಿ ಕೇಳಿ ಸಾಕಾಗೇದ. ಅಕ್ಕಾ ಅನ್ರಿ."

ಧಾರವಾಡದವರು. ಓದಲೆಂದು ಕಲ್ಕತ್ತೆಗೆ ಬಂದವರು ಅಲ್ಲೇ ಉಳಿದುಬಿಟ್ಟಿದ್ದರು. ಅವರ ಕನ್ನಡ ಅವರು ಊರು ಬಿಟ್ಟ ಕಾಲದಲ್ಲೇ ನಿಂತಿತ್ತು. ಆಮೇಲೆ ನಮ್ಮ ಭಾಷೆಗೆ ಬಂದ ಎಷ್ಟೋ ಮಾತುಗಳು ಅವರಿಗೆ ಗೊತ್ತಿರಲಿಲ್ಲ, ನನಗೆ ಮರೆತುಹೋದ ಎಷ್ಟೋ ಮಾತುಗಳು ಅವರ ಬಾಯಲ್ಲಿ ಹಾಗೇ ಇದ್ದವು. ಮೊದಮೊದಲು ತಡವರಿಸುತ್ತ, ಬಂಗಾಳಿ ಪದ ನುಗ್ಗಿದಾಗ ತಲೆ ಕೊಡವಿ ಕನ್ನಡದ್ದನ್ನು ಹುಡುಕುತ್ತ ಮಾತಾಡಿದರು. ನಾನು ಏಳುವ ಹೊತ್ತಿಗೆ ಕೆನ್ನೆ ಒತ್ತಿಕೊಳ್ಳುತ್ತಿದ್ದರು. "ದವಡಿ ನೋಯ್ಲಿಕ್ಕತ್ತದ ನೋಡ್ರಿ. ಇಷ್ಟು ಕನ್ನಡ ಮಾತಾಡಿ ಭಾಳ ವರ್ಷ ಆತು."

ಮದುವೆಯ ಬಗ್ಗೆ ಮುಂದೊಮ್ಮೆ ಕೇಳಿದ್ದೆ. "ಆಗಿತ್ತು" ಎಂದರು. ಒಲೆಯ ಮೇಲಿನ ಹಾಲು ಇಳಿಸಿ, "ಆಮ್ಯಾಲ ಆಗಲಿಲ್ಲ" ಎಂದು ಮುಗಿಸಿದರು. ಅದಕ್ಕಿಂತ ಹೆಚ್ಚು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಧಾರವಾಡದಲ್ಲಿ ಒಬ್ಬ ಅಣ್ಣ ಇದ್ದರು. ದೀಪಾವಳಿಗೆ ಅವರಿಂದ ಫೋನ್ ಬರುತ್ತಿತ್ತು. ಅಲ್ಲಿ ಮಳಿ ಆತೇನು, ಇಲ್ಲಿ ಭಾಳ ಸೆಕಿ, ಎಲ್ಲಾರೂ ಅರಾಮ ಅದಾರಲ್ಲ. ಅಷ್ಟಕ್ಕೆ ಮಾತು ಮುಗಿದು, ಫೋನ್ ಇಟ್ಟ ಮೇಲೂ ಅವರು ಅದರ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಿರುತ್ತಿದ್ದರು.

ಅವರ ಫ್ಯಾಕ್ಟರಿ ಬೈಪಾಸ್ ರಸ್ತೆಯ ಆಚೆ, ಒಂದು ಕಾಲುವೆಯ ದಡದಲ್ಲಿತ್ತು. ಮೆಕ್ಕೆಜೋಳ ನೆನೆಸಿ ಅರೆದು ಅದರಿಂದ ಸ್ಟಾರ್ಚ್ ತೆಗೆಯುವ ಫ್ಯಾಕ್ಟರಿ. ಅಕ್ಕ ಅಲ್ಲಿ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿದ್ದರು. ಸ್ಟಾರ್ಚ್ ತೆಗೆದ ಮೇಲೆ ಉಳಿಯುವ ಗಂಜಿಯಂಥ ಹುಳಿನೀರು ದೊಡ್ಡ ಪೈಪಿನಲ್ಲಿ ಕಾಲುವೆಗೆ ಬೀಳುತ್ತಿತ್ತು. ಅಲ್ಲಿ ನೀರು ಬೆಳ್ಳಗೆ ನೊರೆಗಟ್ಟಿ ನಾರುತ್ತಿತ್ತು. "ದಿನಾ ಇಷ್ಟು ಅನ್ನ ಚೆಲ್ಲತಾರ" ಎಂದು ಅಕ್ಕ ಆ ಪೈಪನ್ನು ತೋರಿಸಿದ್ದರು. ಅದು ಅವರ ಮಟ್ಟಿಗೆ ಕೊಳಚೆಯಾಗಿರಲೇ ಇಲ್ಲ.

ಬಾಯ್ಲರ್ ಮನೆಯ ಹಿಂದಿನ ಒಂದು ಖಾಲಿ ಶೆಡ್ಡನ್ನು ಅವರು ಕೇಳಿ ಪಡೆದುಕೊಂಡಿದ್ದರು. ಆ ಹುಳಿನೀರಿಗೆ ಮೆಕ್ಕೆಜೋಳದ ತೌಡು ಬೆರೆಸಿ, ಬಾಯ್ಲರಿನ ಹಬೆಯಲ್ಲಿ ಬೇಯಿಸಿ, ಅಗಲವಾದ ತಟ್ಟೆಗಳಲ್ಲಿ ಹರವುತ್ತಿದ್ದರು. ಆರಿದ ಮೇಲೆ ಅದರ ಮೇಲೆ ಬೂದಿಯಂಥ ಪುಡಿ ಚಿಮುಕಿಸುತ್ತಿದ್ದರು. ಅದು ಒಂದು ಬಗೆಯ ಶಿಲೀಂಧ್ರದ ಬೀಜ. ಪೂರ್ವದ ದ್ವೀಪಗಳ ಕಡೆ ಜನ ಅದೇ ಶಿಲೀಂಧ್ರವನ್ನು ಸೋಯಾಕಾಳಿನ ಮೇಲೆ ಬೆಳೆಸಿ ಊಟಕ್ಕೆ ಬಳಸುತ್ತಾರಂತೆ. ಒಂದೆರಡು ದಿನದಲ್ಲಿ ತಟ್ಟೆಯ ತುಂಬ ಬಿಳಿ ಹತ್ತಿಯ ಹಾಗೆ ಹಬ್ಬಿ, ಕೆಳಗಿನ ಗಂಜಿಯನ್ನೆಲ್ಲ ಹೀರಿ ದಪ್ಪ ಹಾಸಿನಂತಾಗುತ್ತಿತ್ತು. ಅಕ್ಕ ಅದರ ಮೇಲೆ ಮುಂಗೈ ಇಟ್ಟು ನೋಡುತ್ತಿದ್ದರು, ಮಗುವಿಗೆ ಜ್ವರ ಇದೆಯೇ ಎಂದು ನೋಡುವ ಹಾಗೆ. "ಬೆಳಿಯೂ ಮುಂದ ಮೈ ಬೆಚ್ಚಗಾಗ್ತದ. ಮುಟ್ಟಿ ನೋಡ್ರಿ." ನಿಜವಾಗಿಯೂ ಬೆಚ್ಚಗಿತ್ತು. ಆಮೇಲೆ ಹಾಸನ್ನು ತಟ್ಟೆಯಿಂದ ಸುಲಿದು, ಬಾಯ್ಲರಿನ ಬಿಸಿ ಗೋಡೆಗೆ ಒಣಗಿಸಿ, ಕೈಯಲ್ಲಿ ಪುಡಿ ಮಾಡುತ್ತಿದ್ದರು. ಕೋಳಿಗೆ, ಬಾತಿಗೆ, ಮೀನಿಗೆ ಅದು ಒಳ್ಳೆಯ ಮೇವು ಎಂಬುದು ಅವರ ವಾದ.

ಬಂಗಾಳಿಯಲ್ಲಿ ಬೂಷ್ಟಿಗೆ ಛಾತಾ ಎನ್ನುತ್ತಾರೆ, ಕೊಡೆಗೂ ಛಾತಾ ಎಂದೇ ಹೆಸರು. ಅಕ್ಕನ ಕೈಯಲ್ಲಿ ಎರಡೂ ಇದ್ದುದರಿಂದ ಫ್ಯಾಕ್ಟರಿಯ ಜನ ಅವರನ್ನು ಛಾತಾ ದೀದಿ ಎಂದು ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವರಿಗೆ ಬೇಜಾರಿರಲಿಲ್ಲ. ಆದರೆ ಹಾಗೆ ಕರೆದು ನಕ್ಕವರು ಯಾರೂ ಆ ಶೆಡ್ಡಿನ ಒಳಗೆ ಬರುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಗುಂಪಾಗಿ ಕೂರುವಾಗ ಇವರು ತಟ್ಟೆಗಳ ನಡುವೆ ಸ್ಟೂಲು ಹಾಕಿಕೊಂಡು ಡಬ್ಬಿ ಬಿಚ್ಚುತ್ತಿದ್ದರು. ಕೈಗೆ ಅಂಟಿದ ಆ ವಾಸನೆ ಸೋಪಿಗೂ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟು ಖಾಲಿಯೇ ಇರುತ್ತದೆ ಎಂದು ಒಮ್ಮೆ ಹೇಳಿದ್ದರು. ದೂರಿನ ದನಿಯಲ್ಲಲ್ಲ, ಅನುಕೂಲವೇ ಆಯಿತು ಎಂಬ ದನಿಯಲ್ಲಿ.

ಒಂದು ಭಾನುವಾರ ಅವರ ಮನೆಯಲ್ಲಿ ಪಲ್ಯ ಬಡಿಸಿದರು. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹುರಿದದ್ದು. ಅಣಬೆಯ ಹಾಗೂ ಇತ್ತು, ಹುರಿದ ಕಡಲೆಯ ಹಾಗೂ ಇತ್ತು. ಮುಗಿಸಿದ ಮೇಲೆ ಏನೆಂದು ಕೇಳಿದೆ.

"ತಟ್ಟಿಯೊಳಗಿಂದು."

ನನ್ನ ಮುಖ ನೋಡಿ ಅವರಿಗೆ ನಗು ಬಂತು. "ನಾ ಭಾಳ ದಿನದಿಂದ ತಿನ್ಲಿಕ್ಕತ್ತೀನಿ, ಏನೂ ಆಗಿಲ್ಲ. ನಾ ತಿನ್ನಲಾರದ್ದನ್ನ ಇನ್ನೊಂದು ಜೀವಕ್ಕ ಹ್ಯಾಂಗ ಹಾಕ್ಲಿ, ಹೇಳ್ರಿ?"

ಹಾಕಲು ಜೀವಗಳು ಬೇಕಿತ್ತಲ್ಲ. ಅದಕ್ಕೆ ನಾನು ಸ್ವಲ್ಪ ಕಾರಣನಾದೆ. ನ್ಯೂ ಟೌನಿನ ಅಂಚಿನಲ್ಲಿ ಕೇಬಲ್ ಹಾಕಿಸುವಾಗ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ಹಸೀನಾ ಬೀಬಿ ಎಂಬಾಕೆಯ ಮನೆಯಲ್ಲಿ ನನ್ನ ಕೆಲಸಗಾರರು ನೀರು ಕೇಳಿ ಕುಡಿಯುತ್ತಿದ್ದರು. ನಲವತ್ತರ ಆಸುಪಾಸಿನ ಹೆಂಗಸು, ಗಂಡ ಇರಲಿಲ್ಲ, ಮಗಳು ಮದುವೆಯಾಗಿ ದೂರ ಹೋಗಿದ್ದಳು. ಬಾತುಕೋಳಿ ಸಾಕಿ ಮೊಟ್ಟೆ ಮಾರಿ ಬದುಕುತ್ತಿದ್ದಳು. ನಾನು ಅಕ್ಕನಿಗೆ ಹೇಳಿದೆ. ಮುಂದಿನ ರಜಾದಿನವೇ ಅವರು ಮೇವಿನ ಚೀಲದೊಂದಿಗೆ ನನ್ನ ಜೀಪು ಹತ್ತಿದರು. ಡ್ರೈವರುಗಳ ಕೊರತೆಯಿದ್ದುದರಿಂದ ಇಲಾಖೆಯ ಆ ಜೀಪನ್ನು ನಾನೇ ಓಡಿಸುತ್ತಿದ್ದೆ.

ಹಸೀನಾ ಚೀಲದ ಬಾಯಿ ಬಿಚ್ಚಿ ಮೂಸಿದಳು. "ಇದನ್ನು ಬಾತು ತಿನ್ನುತ್ತದಾ?"

"ನಾನು ತಿನ್ನುತ್ತೇನೆ" ಎಂದು ಅಕ್ಕ ಬಂಗಾಳಿಯಲ್ಲಿ ಹೇಳಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ಹಸೀನಾ ನಗಲಿಲ್ಲ. ಆದರೆ ಕೂರಲು ಮಣೆ ತಂದುಕೊಟ್ಟಳು.

ಬಾತುಗಳು ತಿನ್ನಲಿಲ್ಲ. ಮೂಸಿ, ತಲೆ ಅಲ್ಲಾಡಿಸಿ ನೀರಿಗೆ ಹೋದವು. ಅಕ್ಕ ಅದನ್ನು ನೆನೆಸಿ ನೋಡಿದರು, ಉಂಡೆ ಕಟ್ಟಿ ನೋಡಿದರು. ಕೊನೆಗೆ ಹಸೀನಾಳೇ ಉಪಾಯ ಹೇಳಿದಳು: ಕೆರೆಯ ಬಸವನಹುಳುಗಳನ್ನು ಜಜ್ಜಿ ಅದರಲ್ಲಿ ಬೆರೆಸಬೇಕು. ಆಮೇಲೆ ತಿಂದವು. ದಿನ ಕಳೆದಂತೆ ಹುಳು ಕಡಿಮೆ ಮಾಡುತ್ತ ಮೇವು ಹೆಚ್ಚಿಸುತ್ತ ಬಂದರು. ಮೊಟ್ಟೆಗಳೂ ಹೆಚ್ಚಿದವು. ಅಷ್ಟರಲ್ಲಿ ಹಸೀನಾ ಹೊಸ ತಕರಾರು ತೆಗೆದಳು. ಮೊಟ್ಟೆಯ ಒಳಗಿನ ಹಳದಿ ಬಿಳಿಚಿಕೊಂಡಿದೆ, ಗಿರಾಕಿಗಳು ಒಡೆದು ನೋಡಿ ಮೂಗು ಮುರಿಯುತ್ತಿದ್ದಾರೆ.

ಅಕ್ಕ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಕಾಳಿಪೂಜೆ ಮುಗಿದ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು. "ತಮ್ಮಾ, ಜೀಪು ತಗಿ. ಚೆಂಡುಹೂವು ಆರಿಸೂದದ." ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅವತ್ತೇ ಮೊದಲು. ಕಸ್ಬಾದ ಓಣಿ ಓಣಿಯ ಪೆಂಡಾಲುಗಳ ಹಿಂದೆ ಬಾಡಿದ ಚೆಂಡುಹೂವಿನ ಹಾರಗಳು ರಾಶಿ ಬಿದ್ದಿದ್ದವು. ನಾವಿಬ್ಬರೂ ಅವನ್ನು ಗೋಣಿಚೀಲಗಳಿಗೆ ತುಂಬಿದೆವು. ಪೆಂಡಾಲು ಬಿಚ್ಚುತ್ತಿದ್ದವರು ಯಾವ ಪೂಜೆಗೆ ಎಂದು ಕೇಳಿದರೆ ಅಕ್ಕ ಗಂಭೀರವಾಗಿ, "ಬಾತಿನ ಪೂಜೆಗೆ" ಎಂದರು. ದಾರ ಕಿತ್ತು, ಎಸಳು ಒಣಗಿಸಿ, ಪುಡಿ ಮಾಡಿ ಮೇವಿಗೆ ಸೇರಿಸಿದರು. ಕೆಲವು ವಾರಗಳ ಮೇಲೆ ಹಸೀನಾ ನಮ್ಮೆದುರಿಗೆ ಒಂದು ಮೊಟ್ಟೆ ಒಡೆದು ಬಟ್ಟಲಿಗೆ ಹಾಕಿದಳು. ಕೇಸರಿ ಬಣ್ಣದ ಹಳದಿ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತು.

ಆ ಎರಡು ವರ್ಷ ಅಕ್ಕನ ರಜೆಗಳೆಲ್ಲ ಆ ಕೆರೆಯ ದಂಡೆಯಲ್ಲೇ ಕಳೆದವು. ಅವರಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ. ಒಬ್ಬರು ಮೇವು ಕಲಸುತ್ತಿದ್ದರು, ಇನ್ನೊಬ್ಬರು ಗೂಡು ತೊಳೆಯುತ್ತಿದ್ದರು. ಬಾತು ಕರೆಯುವುದನ್ನು ಹಸೀನಾ ಅಕ್ಕನಿಗೆ ಕಲಿಸಿದಳು. "ಆಯ್ ಆಯ್, ಚೊಯ್ ಚೊಯ್" ಎಂದು ದನಿಯನ್ನು ಕೊನೆಯಲ್ಲಿ ಎತ್ತಬೇಕು. ಅಕ್ಕನಿಗೆ ಮೊದಲು ನಾಚಿಕೆ. ಅಭ್ಯಾಸವಾದ ಮೇಲೆ ಕೆರೆಯ ಆಚೆ ದಂಡೆಯಿಂದಲೂ ಬಾತುಗಳು ಅವರ ದನಿಗೆ ಸಾಲಾಗಿ ಬರುತ್ತಿದ್ದವು. ಅವರು ನನ್ನ ಕಡೆ ತಿರುಗಿ, "ನೋಡು, ನನ್ನ ಮಾತು ಕೇಳಾವ್ರೂ ಅದಾರ" ಎನ್ನುತ್ತಿದ್ದರು.

ಫ್ಯಾಕ್ಟರಿಯ ಮಾಲೀಕರ ಮಗ ಹೊರದೇಶದಲ್ಲಿ ಓದಿ ಬಂದಿದ್ದ. ಅವನಿಗೆ ಈ ವಿಷಯ ಕಿವಿಗೆ ಬಿದ್ದು, ಅಕ್ಕನನ್ನು ಪಾರ್ಕ್ ಸ್ಟ್ರೀಟಿನ ಒಂದು ಹೋಟೆಲಿಗೆ ಊಟಕ್ಕೆ ಕರೆದ. ಅವರು ಇಳಕಲ್ ಸೀರೆ ಉಟ್ಟು ಹೋದರು. ಬಂದವರೇ ನನ್ನ ಮನೆಗೆ ನುಗ್ಗಿ ಕುರ್ಚಿಯಲ್ಲಿ ಕೂತರು.

"ಸಣ್ಣ ಪ್ಲಾಂಟ್ ಹಾಕ್ತಾನಂತ. ಚಳಿ ಮುಗದ ಮ್ಯಾಲ ಶುರು. ಆದ್ರ ಫಂಗಸ್ ಅನ್ನೂ ಶಬ್ದ ಎಲ್ಲೂ ಇರಬಾರದಂತ."

"ನೀವೇನು ಹೇಳಿದಿರಿ?"

"ಅಣಬಿ ತಿನ್ಲಿಕ್ಕೆ ಇಲ್ಲಿ ಇಷ್ಟು ರೊಕ್ಕ ತಗೋತಾರ, ಅದೂ ಇದರ ಬಳಗನ ಅಂದೆ. ಅಂವಾ ಚಮಚ ಕೆಳಗಿಟ್ಟ." ಹೇಳಿ ಬಹಳ ಹೊತ್ತು ನಕ್ಕರು. ಅವರು ಹೋದ ಮೇಲೆ ಮೇಲಿನ ಮನೆಯಲ್ಲಿ ಹಾಡಿನಂಥದ್ದೇನೋ ಕೇಳಿಸಿತು.

ಆ ಚಳಿಗಾಲದಲ್ಲಿ ಬಂಗಾಳಕ್ಕೆ ಕೋಳಿಜ್ವರ ಬಂತು. ಮೊದಲು ಉತ್ತರದ ಜಿಲ್ಲೆಗಳಲ್ಲಿ ಎಂದು ಪತ್ರಿಕೆಯಲ್ಲಿ ಓದಿದೆವು. ದಿನೇದಿನೇ ಕೆಳಗಿಳಿಯುತ್ತ ಬಂತು. ರೋಗ ಕಂಡ ಜಾಗದ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲ ಕೋಳಿ, ಎಲ್ಲ ಬಾತುಗಳನ್ನೂ ಕೊಲ್ಲಬೇಕೆಂದು ಆಜ್ಞೆಯಾಯಿತು. ಒಂದು ಸಂಜೆ ಹಸೀನಾ ಯಾರದೋ ಮೊಬೈಲಿನಿಂದ ಫೋನ್ ಮಾಡಿದಳು. ಪಕ್ಕದ ಹಳ್ಳಿಯಲ್ಲಿ ಕೋಳಿ ಸತ್ತಿವೆ, ನಾಳೆ ಇಲ್ಲಿಗೂ ಬರುತ್ತಾರಂತೆ, ಮೈಕಿನಲ್ಲಿ ಕೂಗಿ ಹೋದರು.

ಬೆಳಿಗ್ಗೆ ಜೀಪಿನಲ್ಲಿ ಹೊರಟೆವು. ಬಾತುಗಳನ್ನು ಉಳಿಸಲು ಹೋಗುತ್ತಿದ್ದೇವೆ ಎಂದೇ ನಾನು ತಿಳಿದಿದ್ದೆ. ಹಸೀನಾ ಕೂಡ ಹಾಗೇ ತಿಳಿದಿದ್ದಳು. ನಾವು ಮುಟ್ಟುವಷ್ಟರಲ್ಲಿ ಒಂದು ದೊಡ್ಡ ಬುಟ್ಟಿಯಲ್ಲಿ ಹತ್ತಾರು ಬಾತುಗಳನ್ನು ಕಾಲು ಕಟ್ಟಿ ಇಟ್ಟು, ಮೇಲೆ ಗಮ್ಛಾ ಎಂಬ ತೆಳು ವಸ್ತ್ರ ಹೊದಿಸಿದ್ದಳು.

"ದೀದಿ, ಇವನ್ನು ಜೀಪಿಗೆ ಹಾಕಿಕೊಳ್ಳಿ. ಎಲ್ಲವನ್ನೂ ಅಲ್ಲ, ಇಷ್ಟನ್ನು ಮಾತ್ರ. ನಿಮ್ಮ ಶೆಡ್ಡಿನಲ್ಲಿ ಇಟ್ಟುಕೊಳ್ಳಿ. ಇವಕ್ಕೆ ಏನೂ ಆಗಿಲ್ಲ, ನೀವೇ ನೋಡಿ."

ಅಕ್ಕ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಒಂದೊಂದನ್ನೇ ಎತ್ತಿ ಕಣ್ಣು ನೋಡಿದರು, ರೆಕ್ಕೆ ಬಿಡಿಸಿ ನೋಡಿದರು. ಬಾತುಗಳು ಚೆನ್ನಾಗಿದ್ದವು. ಅದು ಅವರ ಮುಖದಲ್ಲೇ ಕಂಡಿತು, ಹಸೀನಾಳಿಗೂ ಕಂಡಿತು. ಅವಳು ಬುಟ್ಟಿಗೆ ಕೈ ಹಾಕಿ ಎತ್ತಲು ಹೋದಳು.

"ನಾನು ಒಯ್ಯುವುದಿಲ್ಲ" ಎಂದರು ಅಕ್ಕ.

ನಾನು ಕನ್ನಡದಲ್ಲಿ, "ಅಕ್ಕಾ, ಸರ್ಕಾರಿ ಜೀಪು. ಯಾರೂ ತಡೆದು ನೋಡಲ್ಲ" ಎಂದೆ.

"ಯಾರರೆ ನೋಡ್ತಾರಂತ ಅಲ್ಲೋ ತಮ್ಮಾ. ಇವು ನೆಟ್ಟಗ ಅದಾವ ಅಂತ ನನ್ನ ಕಣ್ಣು ಹೇಳ್ತಾವ. ಆ ಜಡ್ಡು ಕಣ್ಣಿಗೆ ಕಾಣೂವಂಥಾದ್ದಲ್ಲ. ನಾ ಇದನ್ನ ಕಸ್ಬಾಕ್ಕ ಹೊತ್ಗೊಂಡು ಹೋದೆ ಅಂದ್ರ ಆಮ್ಯಾಲ ಎಲ್ಲಿತನಕಾ ಹೋಗ್ತದೋ."

ಅದನ್ನೇ ಬಂಗಾಳಿಯಲ್ಲಿ ಹಸೀನಾಳಿಗೆ ಹೇಳಲು ಹೋದರು. ಅವಳು ಕೇಳಿಸಿಕೊಳ್ಳಲಿಲ್ಲ. ಬುಟ್ಟಿ ಎಳೆದುಕೊಂಡು ಒಂದೊಂದರ ಕಾಲಿನ ಕಟ್ಟು ಬಿಚ್ಚಿ ಕೆರೆಗೆ ಎಸೆದಳು. ಗೂಡಿನ ಬಾಗಿಲನ್ನೂ ತೆರೆದಳು. ಎಲ್ಲವೂ ನೀರಿಗೆ ಇಳಿದು ನಡುಗೆರೆಗೆ ಹೋದವು. "ಬರಲಿ, ಹಿಡಿಯಲಿ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬಿಳಿಯ ಉಡುಪು ತೊಟ್ಟು ಮುಖ ಮುಚ್ಚಿಕೊಂಡವರು ಬಂದರು. ಬಲೆಗಳಿದ್ದವು, ದೋಣಿ ಇರಲಿಲ್ಲ. ದಂಡೆಯ ಸುತ್ತ ಓಡಾಡಿ ಸುಸ್ತಾದರು. ಸುತ್ತಲಿನ ಜನ ಸೇರಿದರು. ಬಾತುಗಳನ್ನು ದಡಕ್ಕೆ ಓಡಿಸಲೆಂದು ಕೆಲವರು ಕಲ್ಲು ಎಸೆಯತೊಡಗಿದರು. ಒಂದಕ್ಕೆ ತಾಗಿ ಅದರ ರೆಕ್ಕೆ ಮುರಿಯಿತು. ಅದು ಒಂದೇ ಕಡೆಗೆ ಸುತ್ತುತ್ತ ಈಜಾಡಿತು. ಮತ್ತೊಂದು ಕಲ್ಲು, ಮತ್ತೊಂದು ಬಾತು.

ಅಕ್ಕ ಚಪ್ಪಲಿ ಬಿಟ್ಟರು. ಚೀಲದಿಂದ ಒಂದು ಮೊರದ ತುಂಬ ಮೇವು ತೆಗೆದುಕೊಂಡು ಕೆರೆಗಿಳಿಯುವ ಘಾಟಿನ ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತರು. ಕಲ್ಲೆಸೆಯುವವರ ಕಡೆಗೆ ಕೈ ಎತ್ತಿ ಸುಮ್ಮನಿರಿಸಿದರು. ಆಮೇಲೆ ಕರೆದರು.

"ಆಯ್ ಆಯ್, ಚೊಯ್ ಚೊಯ್."

ಮೊದಲ ಸಲಕ್ಕೆ ದನಿ ಏಳಲಿಲ್ಲ. ಎರಡನೆಯ ಸಲ ಕೊನೆಯಲ್ಲಿ ಎತ್ತಿದರು, ಹಸೀನಾ ಕಲಿಸಿದ ಹಾಗೆ. ನಡುಗೆರೆಯಲ್ಲಿ ತಲೆಗಳು ತಿರುಗಿದವು. ಸಾಲಾಗಿ ಬಂದವು. ಗಾಯಗೊಂಡವೂ ಹಿಂದಿನಿಂದ ಬಂದವು. ಅಕ್ಕ ಮೇವನ್ನು ಮೆಟ್ಟಿಲ ಮೇಲೆ ಹರವಿದರು. ಅವು ತಿನ್ನುತ್ತಿರುವಾಗ ಬಿಳಿ ಉಡುಪಿನವರು ಹಿಂದಿನಿಂದ ಬಲೆ ತಂದರು. ಅಕ್ಕ ಕೈ ತಡೆದು, "ತಿಂದು ಮುಗಿಸಲಿ" ಎಂದರು. ಅವರು ಕಾದರು. ಹಸೀನಾಳ ಮನೆಯ ಕಿಟಕಿಯ ಹಿಂದೆ ಅವಳ ಮುಖ ನನಗೆ ಕಂಡಿತು. ಅಕ್ಕ ಆ ಕಡೆ ನೋಡಲಿಲ್ಲ. ಕೊನೆಯದನ್ನು ಹಿಡಿಯುವವರೆಗೂ ಅಲ್ಲೇ ನಿಂತಿದ್ದರು. ಮೊಟ್ಟೆಗಳನ್ನೂ ಗೂಡನ್ನೂ ಉಳಿದ ಮೇವಿನ ಚೀಲಗಳನ್ನೂ ಅವತ್ತೇ ನಾಶ ಮಾಡಿದರು.

ಅಕ್ಕನ ಕೈಕಾಲಿಗೆ ಔಷಧಿ ಸಿಂಪಡಿಸಿದರು. ಜೀಪಿನಲ್ಲಿ ನೆನೆದ ಸೀರೆಯಲ್ಲೇ ಕೂತರು. ನ್ಯೂ ಟೌನಿನ ಅಗಲ ರಸ್ತೆಗೆ ಬಂದಾಗ ಆಫೀಸುಗಳು ಬಿಟ್ಟು ಹುಡುಗ ಹುಡುಗಿಯರು ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದರು. ಅಕ್ಕ ಅವರನ್ನೇ ನೋಡುತ್ತಿದ್ದರು. ಕಸ್ಬಾ ಹತ್ತಿರ ಬಂದಾಗ ಒಂದೇ ಮಾತು ಆಡಿದರು.

"ಎಲ್ಲಾವೂ ಬಂದ್ವು."

ಆ ವರ್ಷ ಕೋಳಿ ಬಾತುಗಳ ಮೇವನ್ನು ಕೊಳ್ಳುವವರು ಯಾರೂ ಇರಲಿಲ್ಲ. ಪ್ಲಾಂಟಿನ ಮಾತನ್ನು ಮಾಲೀಕರ ಮಗ ಮತ್ತೆ ಎತ್ತಲಿಲ್ಲ. ಸ್ವಲ್ಪ ಕಾಲದಲ್ಲಿ ಫ್ಯಾಕ್ಟರಿಯನ್ನೇ ಮುಚ್ಚಿ, ಆ ಜಾಗವನ್ನು ಮನೆ ಕಟ್ಟುವವರಿಗೆ ಕೊಟ್ಟರು. ಅಕ್ಕ ಶೆಡ್ಡಿನಿಂದ ತಂದದ್ದು ಬೂಷ್ಟಿನ ಬೀಜವಿದ್ದ ಕೆಲವು ಗಾಜಿನ ಕೊಳವೆಗಳನ್ನು ಮಾತ್ರ. ಅವನ್ನು ಅಡಿಗೆಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕದಲ್ಲಿಟ್ಟು, ಆಗಾಗ ಹೊಸ ಗಂಜಿ ಹಾಕಿ ಜೀವಂತ ಇಟ್ಟುಕೊಂಡಿದ್ದರು. ಯಾತಕ್ಕೆ ಎಂದು ನಾನು ಕೇಳಲಿಲ್ಲ. ಹಸೀನಾಳ ಮನೆಗೆ ಎರಡು ಸಲ ಅವರನ್ನು ಕರೆದುಕೊಂಡು ಹೋದೆ. ಎರಡು ಸಲವೂ ಬಾಗಿಲು ತೆರೆಯಲಿಲ್ಲ. ಒಳಗೆ ಪಾತ್ರೆಯ ಸದ್ದು ಕೇಳುತ್ತಿತ್ತು. ಅಕ್ಕ ಘಾಟಿನ ಮೇಲೆ ಸ್ವಲ್ಪ ಹೊತ್ತು ಕೂತು, "ನಡಿ" ಎಂದರು.

ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ಹೌರಾ ಸ್ಟೇಷನ್ನಿಗೆ ಅವರು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದರು. ಧಾರವಾಡ ಅಲ್ಲಿಂದ ಹತ್ತಿರವೇ, ಒಮ್ಮೆ ಬನ್ನಿ ಎಂದೆ. "ಅಲ್ಲಿ ಯಾರದಾರ?" ಎಂದರು. ಫೋನ್ ಮಾಡುತ್ತೇನೆ ಎಂದಾಗ, "ಮಾಡು. ಆದ್ರ ಫೋನಿನ್ಯಾಗ ಮಾತಾಡಿದ ಮ್ಯಾಲ ಮನಿ ಇನ್ನೂ ಸಪ್ಪಳಿಲ್ಲದ್ದು ಅನಸ್ತದ" ಎಂದರು. ಕೆಲವು ವರ್ಷ ಮಾಡಿದೆ. ಅವರ ನಂಬರು ಬದಲಾಯಿತೋ, ಕೆಟ್ಟಿತೋ, ಆಮೇಲೆ ಸಿಗಲಿಲ್ಲ.

ಹೋದ ಸಲ ಕೆಲಸದ ಮೇಲೆ ಕಲ್ಕತ್ತೆಗೆ ಹೋದಾಗ ಕಸ್ಬಾದ ಮನೆಗೆ ಹೋದೆ. ದತ್ತಾಬಾಬುವಿಗೆ ವಯಸ್ಸಾಗಿತ್ತು. ಮಳೆಗಾಲದಲ್ಲಿ ಒಂದು ದಿನ ಮೇಲಿನ ಮನೆಯಿಂದ ಸದ್ದೇ ಬರಲಿಲ್ಲವಂತೆ. ಬಾಗಿಲು ಒಡೆದಾಗ ಕುರ್ಚಿಯಲ್ಲಿ ಕೂತ ಹಾಗೇ ಇದ್ದರಂತೆ. ಧಾರವಾಡದಿಂದ ಅಣ್ಣನ ಮಗ ಬಂದು ಎಲ್ಲ ಮುಗಿಸಿ ಹೋದ. ಫ್ರಿಜ್ಜಿನಲ್ಲಿದ್ದ ಕೊಳವೆಗಳನ್ನು ಕೇಳಿದೆ. "ಅದೆಲ್ಲ ಕೊಳೆತದ್ದು, ಎಸೆದರು" ಎಂದರು. ಭಾನುವಾರ ಮಾತ್ರ ಬೆಳಿಗ್ಗೆಯೇ ಎಲ್ಲಿಗೋ ಹೋಗುತ್ತಿದ್ದರು, ಕೊನೆಯವರೆಗೂ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದರು.

ನಾನು ಕ್ಯಾಬ್ ಹಿಡಿದು ನ್ಯೂ ಟೌನಿಗೆ ಹೋದೆ. ದಾರಿ ಗುರುತು ಹತ್ತಲಿಲ್ಲ. ಗೋಪುರದಂಥ ಮನೆಗಳ ಸಾಲಿನ ಹಿಂದೆ ಕೆರೆಯ ಅರ್ಧ ಉಳಿದಿತ್ತು, ಉಳಿದರ್ಧಕ್ಕೆ ಮಣ್ಣು ತುಂಬಿದ್ದರು. ಹಸೀನಾಳ ಮನೆ ಅಲ್ಲೇ ಇತ್ತು. ಅವಳ ತಲೆ ನರೆತಿತ್ತು. ನನ್ನನ್ನು ಗುರುತಿಸಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ದೀದಿ ಬರುವುದನ್ನು ಬಿಟ್ಟುಬಿಟ್ಟಳು" ಎಂದಳು. "ಹುಷಾರಿಲ್ಲವಾ?"

ನಾನು ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಡಿಸಿ ಮತ್ತೆ ಮಡಿಸಿದಳು.

"ಯಾರು ಇದ್ದರು ಹತ್ತಿರ?"

"ಯಾರೂ ಇರಲಿಲ್ಲ."

ಘಾಟಿನ ಮೇಲೆ ಕೂತೆವು. ಅವಳೇ ಹೇಳಿದಳು. ಭಾನುವಾರಗಳಲ್ಲಿ ದೀದಿ ಬಸ್ಸಿನಲ್ಲಿ ಬಂದು ಇಲ್ಲಿ ಕೂರುತ್ತಿದ್ದಳು. ಮೊದಮೊದಲು ಇವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಬಿಸಿಲು ಜಾಸ್ತಿ ಇತ್ತು; ಒಂದು ಲೋಟ ಚಹಾ ಮಾಡಿ ಮೆಟ್ಟಿಲ ಪಕ್ಕದ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ದೀದಿ ಕುಡಿದು, ಲೋಟ ತೊಳೆದು ಬೋರಲು ಹಾಕಿ ಹೋಗಿದ್ದಳು. ಆಮೇಲೆ ಪ್ರತಿ ಸಲವೂ ಅದೇ. ಈದ್ ಹಬ್ಬಕ್ಕೆ ಶಾವಿಗೆ ಪಾಯಸ ಇಟ್ಟರೆ ಬಟ್ಟಲನ್ನೂ ತೊಳೆದಿಟ್ಟು ಹೋಗುತ್ತಿದ್ದಳು.

"ಇಷ್ಟು ವರ್ಷದಲ್ಲಿ ಒಂದು ಮಾತೂ ಆಡಲಿಲ್ಲವಾ?"

"ಏನು ಆಡಲಿ? ನನ್ನ ಬಾತುಗಳನ್ನು ಕರೆದವಳು ಅವಳು. ಅದನ್ನು ನಾನು ನೋಡಿದ್ದೇನೆ." ಗೋಪುರದಂಥ ಮನೆಗಳ ಕಡೆ ಕೈ ತೋರಿಸಿದಳು. "ಈ ಬಾಗಿಲಿಗೆ ಎಷ್ಟು ಜನ ಬಂದರು ಗೊತ್ತಾ? ಎಲ್ಲರೂ ಜಮೀನು ಕೇಳಲು ಬಂದವರು. ಅವಳು ಒಬ್ಬಳು ಏನೂ ಕೇಳಲಿಲ್ಲ. ಬರುತ್ತಿದ್ದಳು, ಕೂರುತ್ತಿದ್ದಳು."

ಎದ್ದು ಒಳಗೆ ಹೋಗಿ ಚಹಾ ತಂದಳು. ಒಂದಲ್ಲ, ಎರಡು ಲೋಟ ತಂದಿದ್ದಳು. ಒಂದನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದನ್ನು ಕಟ್ಟೆಯ ಮೇಲಿಟ್ಟು ಅದರ ಪಕ್ಕದಲ್ಲೇ ಕೂತಳು. ನಾನು ಕುಡಿದು ಮುಗಿಸಿ ಹೊರಡುವವರೆಗೂ ಆ ಲೋಟವನ್ನು ಅವಳು ಮುಟ್ಟಲಿಲ್ಲ.